ಮಗುವಿನ ಲಸಿಕೆ ಅರ್ಧಕ್ಕೆ ನಿಂತಿದೆಯೇ? ನಿಂತಲ್ಲಿಂದಲೇ ಮುಂದುವರಿಸುವುದು ಹೀಗೆ

‘ಎರಡನೇ ಡೋಸ್ ಆದ ಮೇಲೆ ಮಗುವಿಗೆ ಏನೂ ಹಾಕಿಸಿಲ್ಲ. ಈಗ ಎರಡು ವರ್ಷ. ಎಲ್ಲಾ ಮೊದಲಿಂದ ಶುರು ಮಾಡಬೇಕಾ?’

ಈ ಪ್ರಶ್ನೆ ನನಗೆ ತಿಂಗಳಿಗೆ ಹತ್ತಾರು ಸಲ ಬರುತ್ತದೆ. ಮಗುವಿನ ವಯಸ್ಸು ಬೇರೆ, ತಪ್ಪಿಹೋದ ಕಾರಣ ಬೇರೆ, ಆದರೆ ಕೇಳುವವರ ದನಿಯಲ್ಲಿರುವ ಅಪರಾಧಿ ಭಾವ ಮಾತ್ರ ಒಂದೇ. ಮೊದಲು ಉತ್ತರ ಹೇಳಿಬಿಡುತ್ತೇನೆ: ಬೇಡ. ಬಾಲ್ಯದ ಸಾಮಾನ್ಯ ಲಸಿಕೆಗಳಲ್ಲಿ ಹಾಕಿಸಿದ ಡೋಸ್ ಹಾಳಾಗುವುದಿಲ್ಲ. ಮಗುವಿನ ರೋಗನಿರೋಧಕ ವ್ಯವಸ್ಥೆ ಆ ರೋಗಾಣುವಿನ ಗುರುತನ್ನು ಇಟ್ಟುಕೊಂಡಿರುತ್ತದೆ. ಮುಂದಿನ ಡೋಸ್ ಎರಡು ತಿಂಗಳು ತಡವಾದರೂ, ಎರಡು ವರ್ಷ ತಡವಾದರೂ ನಿಂತಲ್ಲಿಂದಲೇ ಮುಂದುವರಿಸಿದರೆ ಸಾಕು. ಹೀಗೆ ಬಾಕಿ ಉಳಿದದ್ದನ್ನು ತುಂಬಿಕೊಳ್ಳುವುದಕ್ಕೆ ‘ಕ್ಯಾಚ್-ಅಪ್’ ಎನ್ನುತ್ತಾರೆ. ಹಲವು ದೇಶಗಳಲ್ಲಿ ಲಸಿಕೆ ವೇಳಾಪಟ್ಟಿಯ ಜೊತೆಗೆ ಇದಕ್ಕೂ ಒಂದು ಪಟ್ಟಿ ಇರುತ್ತದೆ. ಅಷ್ಟರಮಟ್ಟಿಗೆ ಇದು ಮಾಮೂಲು ಸಂಗತಿ.

ಅವಸರ ಏಕೆ?

ತಡವಾಗಿರುವುದು ತಪ್ಪಲ್ಲ ಎಂದ ಮಾತ್ರಕ್ಕೆ ಇನ್ನಷ್ಟು ತಡ ಮಾಡಬಹುದು ಎಂದಲ್ಲ. ಲಸಿಕೆ ಹಾಕಿಸುವವರು ಕಡಿಮೆಯಾದ ಕಡೆ ಮೊದಲು ಬಾಗಿಲು ತಟ್ಟುವುದು ದಡಾರ. ಯಾರಿಗೂ ರಕ್ಷಣೆ ಇಲ್ಲದ ಕಡೆ ಒಬ್ಬ ರೋಗಿಯಿಂದ 12ರಿಂದ 18 ಜನರಿಗೆ ಹರಡಬಲ್ಲ ಕಾಯಿಲೆ ಅದು. ರೋಗಿ ಎದ್ದುಹೋದ ಕೋಣೆಯ ಗಾಳಿಯಲ್ಲಿ ವೈರಾಣು ಎರಡು ಗಂಟೆಯವರೆಗೂ ಉಳಿಯಬಹುದು. ಅದನ್ನು ತಡೆಯಲು ನೂರಕ್ಕೆ 95 ಮಕ್ಕಳಿಗೆ ಎರಡೂ ಡೋಸ್ ಆಗಿರಬೇಕು. 85 ಆಗಿದೆಯಲ್ಲ ಎಂಬ ಸಮಾಧಾನ ಇಲ್ಲಿ ನಡೆಯುವುದಿಲ್ಲ.

ಸಮೋವಾ ಎಂಬ ಪುಟ್ಟ ದ್ವೀಪರಾಷ್ಟ್ರದಲ್ಲಿ ನಡೆದದ್ದನ್ನು ನೋಡಿ. 2018ರಲ್ಲಿ ಅಲ್ಲಿ ಎಂಎಂಆರ್ (ದಡಾರ, ಮಂಗನಬಾವು, ರುಬೆಲ್ಲಾ ಮೂರಕ್ಕೂ ಸೇರಿದ) ಲಸಿಕೆ ಪಡೆದ ಇಬ್ಬರು ಶಿಶುಗಳು ತೀರಿಕೊಂಡವು. ತನಿಖೆಯಲ್ಲಿ ಗೊತ್ತಾದದ್ದು ಇಷ್ಟು: ಲಸಿಕೆಯ ಪುಡಿಯನ್ನು ಕರಗಿಸಲು ಬಳಸಬೇಕಾದ ದ್ರವದ ಬದಲು ಸ್ನಾಯುಗಳನ್ನು ಸಡಿಲಿಸುವ ಔಷಧವನ್ನು ಬೆರೆಸಿದ್ದರು. ಲಸಿಕೆಯದ್ದು ಯಾವ ತಪ್ಪೂ ಇರಲಿಲ್ಲ. ಆದರೂ ಕಾರ್ಯಕ್ರಮ ತಿಂಗಳುಗಟ್ಟಲೆ ನಿಂತಿತು, ಜನರ ನಂಬಿಕೆಯೂ ಹೋಯಿತು. 2019ರ ಕೊನೆಯಲ್ಲಿ ದಡಾರ ಬಂದಾಗ, ಸುಮಾರು ಎರಡು ಲಕ್ಷ ಜನಸಂಖ್ಯೆಯ ಆ ದೇಶದಲ್ಲಿ 83 ಜನ ಸತ್ತರು. ಹೆಚ್ಚಿನವರು ಐದು ವರ್ಷದೊಳಗಿನ ಮಕ್ಕಳು. ಇದು ಬಡ ದೇಶಗಳ ಕಥೆ ಎಂದುಕೊಳ್ಳಬೇಡಿ. 2025ರ ನವೆಂಬರ್‌ನಲ್ಲಿ ಕೆನಡಾ ‘ದಡಾರ ನಿರ್ಮೂಲನವಾದ ದೇಶ’ ಎಂಬ ಸ್ಥಾನವನ್ನು ಕಳೆದುಕೊಂಡಿತು. ದಡಾರವಲ್ಲದ ಕಾಯಿಲೆಗಳೂ ಹಾಗೆಯೇ. 1970ರ ದಶಕದಲ್ಲಿ ಜಪಾನಿನಲ್ಲಿ ನಾಯಿಕೆಮ್ಮಿನ ಲಸಿಕೆ ಹಾಕಿಸುವವರ ಪ್ರಮಾಣ ನೆಲಕಚ್ಚಿತು. 1979ರ ಒಂದೇ ವರ್ಷದಲ್ಲಿ 13,000ಕ್ಕೂ ಹೆಚ್ಚು ಜನರಿಗೆ ಕಾಯಿಲೆ ಬಂದು 41 ಜನ ಸತ್ತರು.

ಸರಿ, ಈಗ ಕೆಲಸಕ್ಕೆ ಬರೋಣ.

ಏನೇನು ಬೇಕು

ಮಗುವಿನ ಲಸಿಕೆ ಕಾರ್ಡ್. ಹುಟ್ಟಿದ ದಿನಾಂಕ ಮತ್ತು ಹುಟ್ಟಿದಾಗಿನ ಆಸ್ಪತ್ರೆ ಕಾಗದ. ಮಗುವಿಗೆ ಈಗ ಕೊಡುತ್ತಿರುವ ಔಷಧಿಗಳ ಹೆಸರು. ಹಿಂದೆ ಯಾವುದಾದರೂ ಚುಚ್ಚುಮದ್ದಿನ ನಂತರ ತೊಂದರೆ ಆಗಿದ್ದರೆ ಏನಾಯಿತು, ಎಷ್ಟು ಗಂಟೆಯ ಮೇಲೆ ಆಯಿತು ಎಂಬುದು. ಇಷ್ಟೇ.

ಹಂತ 1: ಆಗಿರುವುದನ್ನು ಪಟ್ಟಿ ಮಾಡಿ

ಕಾರ್ಡ್ ತೆಗೆದು ಮೇಜಿನ ಮೇಲಿಡಿ. ಬೇರೆ ಹಾಳೆಯಲ್ಲಿ ಲಸಿಕೆಯ ಹೆಸರು, ಎಷ್ಟನೇ ಡೋಸ್, ಹಾಕಿದ ದಿನಾಂಕ ಎಂದು ಮೂರು ಕಾಲಂ ಎಳೆದು ತುಂಬುತ್ತಾ ಹೋಗಿ.

ಹೆಚ್ಚಿನವರು ಎಡವುವುದು ಇಲ್ಲೇ. ಕಾರ್ಡಿನಲ್ಲಿ ಎರಡು ಥರದ ದಿನಾಂಕಗಳಿರುತ್ತವೆ: ಲಸಿಕೆ ‘ಹಾಕಿದ’ ದಿನ ಮತ್ತು ‘ಹಾಕಬೇಕಾದ’ ದಿನ. ಎರಡನೆಯದನ್ನು ಎಷ್ಟೋ ಸಲ ಪೆನ್ಸಿಲಿನಲ್ಲಿ ಮುಂಚೆಯೇ ಬರೆದುಕೊಟ್ಟಿರುತ್ತಾರೆ. ಎರಡು ವರ್ಷದ ನಂತರ ನೋಡಿದಾಗ ಆ ದಿನಾಂಕ ಕಂಡು ‘ಓ, ಇದು ಆಗಿದೆ’ ಎಂದುಕೊಳ್ಳುವುದು ಸಹಜ. ನಾನು ನೋಡಿದ ಒಂದು ಕಾರ್ಡಿನಲ್ಲಿ ದಡಾರದ ಸಾಲಿನಲ್ಲಿ ದಿನಾಂಕವೇನೋ ಅಚ್ಚುಕಟ್ಟಾಗಿ ಇತ್ತು, ಪಕ್ಕದಲ್ಲಿ ಸಹಿ ಇರಲಿಲ್ಲ, ಬ್ಯಾಚ್ ಸಂಖ್ಯೆಯೂ ಇರಲಿಲ್ಲ. ಆ ಡೋಸ್ ಆಗಿರಲೇ ಇಲ್ಲ. ಸಹಿ, ಮುದ್ರೆ, ಬ್ಯಾಚ್ ಸಂಖ್ಯೆಯ ಚೀಟಿ ಇವುಗಳಲ್ಲಿ ಒಂದೂ ಇಲ್ಲದ ದಿನಾಂಕದ ಮುಂದೆ ಪ್ರಶ್ನೆ ಚಿಹ್ನೆ ಹಾಕಿ.

ಇನ್ನೊಂದು ಗೊಂದಲ ಹೆಸರುಗಳದ್ದು. ಡಿಪಿಟಿ ಎಂದರೆ ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು ಮೂರಕ್ಕೂ ಸೇರಿದ್ದು. ಅದಕ್ಕೆ ಹೆಪಟೈಟಿಸ್ ಬಿ ಮತ್ತು ಹಿಬ್ (ಮೆದುಳಿನ ಪೊರೆಯ ಉರಿಯೂತ, ನ್ಯುಮೋನಿಯಾ ತರುವ ಒಂದು ಬ್ಯಾಕ್ಟೀರಿಯಾ) ಸೇರಿದರೆ ಪೆಂಟಾವಲೆಂಟ್, ಅಂದರೆ ಐದು ಒಂದರಲ್ಲಿ. ಎಂಆರ್ ಎಂದರೆ ದಡಾರ ಮತ್ತು ರುಬೆಲ್ಲಾ, ಅದಕ್ಕೆ ಮಂಗನಬಾವು ಸೇರಿದರೆ ಎಂಎಂಆರ್. ಕಾರ್ಡಿನಲ್ಲಿ ಡಿಪಿಟಿ ಸಾಲು ಖಾಲಿ ಇದ್ದು ಪೆಂಟಾವಲೆಂಟ್ ಮೂರು ಸಲ ಆಗಿದ್ದರೆ ಡಿಪಿಟಿಯೂ ಮೂರು ಸಲ ಆದಂತೆಯೇ.

ಕಾರ್ಡೇ ಕಳೆದುಹೋಗಿದೆಯೇ? ಲಸಿಕೆ ಹಾಕಿಸಿದ ಕಡೆಯ ದಾಖಲೆ ಪುಸ್ತಕ ಅಥವಾ ಕಂಪ್ಯೂಟರ್‌ನಲ್ಲಿ ವಿವರ ಸಿಗಬಹುದು, ಹೋಗಿ ಕೇಳಿ. ಫೋನಿನಲ್ಲಿ ಹಳೆಯ ಫೋಟೋ ಹುಡುಕಿ. ಏನೂ ಸಿಗದಿದ್ದರೆ ‘ಹಾಕಿಸಿದ ನೆನಪಿದೆ’ ಎಂಬುದನ್ನು ವೈದ್ಯರು ಸಾಮಾನ್ಯವಾಗಿ ಲೆಕ್ಕಕ್ಕೆ ಹಿಡಿಯುವುದಿಲ್ಲ, ಮತ್ತೆ ಹಾಕುತ್ತಾರೆ. ಇದಕ್ಕೆ ಹೆದರಬೇಡಿ. ಮೊದಲೇ ರಕ್ಷಣೆ ಇರುವ ಮಗುವಿಗೆ ಎಂಎಂಆರ್ ಇನ್ನೊಮ್ಮೆ ಬಿದ್ದರೆ ಕೆಡುಕಿಲ್ಲ. ಧನುರ್ವಾಯುವಿನ ಅಂಶವಿರುವ ಲಸಿಕೆ ತೀರಾ ಹೆಚ್ಚಾದರೆ ಮಾತ್ರ ತೋಳು ಜೋರಾಗಿ ಊದಿಕೊಳ್ಳಬಹುದು, ಆದ್ದರಿಂದ ಅದರ ದಾಖಲೆಯನ್ನು ಸ್ವಲ್ಪ ಶ್ರಮಪಟ್ಟು ಹುಡುಕಿ.

ಹಂತ 2: ವಯಸ್ಸು ದಾಟಿದ ಲಸಿಕೆಗಳನ್ನು ಪಕ್ಕಕ್ಕಿಡಿ

ತಪ್ಪಿದ್ದೆಲ್ಲವನ್ನೂ ಈಗ ಹಾಕಿಸಬೇಕು ಎಂದಿಲ್ಲ. ಕೆಲವಕ್ಕೆ ವಯಸ್ಸಿನ ಗಡಿ ಇದೆ.

ರೋಟಾ ವೈರಾಣುವಿನ ಹನಿ (ಶಿಶುಗಳ ತೀವ್ರ ಭೇದಿಗೆ) ಪುಟ್ಟ ಕೂಸುಗಳಿಗಾಗಿ ಇರುವುದು. ಕೆಲವು ದೇಶಗಳಲ್ಲಿ 15 ವಾರ ತುಂಬಿದ ಮೇಲೆ ಮೊದಲ ಡೋಸ್ ಶುರು ಮಾಡುವುದಿಲ್ಲ, ಇನ್ನು ಕೆಲವೆಡೆ ಒಂದು ವರ್ಷದವರೆಗೂ ಕೊಡುತ್ತಾರೆ. ಆರೋಗ್ಯವಂತ ಮಗುವಿಗೆ ಐದು ವರ್ಷ ತುಂಬಿದ ಮೇಲೆ ಹಿಬ್ ಬೇಕಾಗುವುದಿಲ್ಲ. ಏಳು ವರ್ಷ ದಾಟಿದವರಿಗೆ ಮಾಮೂಲು ಡಿಪಿಟಿ ಕೊಡುವುದಿಲ್ಲ, ಗಂಟಲಮಾರಿಯ ಅಂಶ ಕಡಿಮೆ ಇರುವ ಟಿಡಿ ಅಥವಾ ಟಿಡ್ಯಾಪ್ ಕೊಡುತ್ತಾರೆ. ನ್ಯುಮೋಕಾಕಲ್ ಲಸಿಕೆಯಲ್ಲಿ (ನ್ಯುಮೋನಿಯಾ ತರುವ ಇನ್ನೊಂದು ಬ್ಯಾಕ್ಟೀರಿಯಾದ ವಿರುದ್ಧದ್ದು) ಲಾಭವೇ ಇದೆ: ತಡವಾಗಿ ಶುರು ಮಾಡಿದಷ್ಟೂ ಬೇಕಾದ ಡೋಸ್‌ಗಳ ಸಂಖ್ಯೆ ಕಡಿಮೆ. ದಡಾರ, ಪೋಲಿಯೋ, ಹೆಪಟೈಟಿಸ್ ಬಿ ಮಾತ್ರ ಶಾಲೆಗೆ ಹೋಗುವ ಮಗುವಿಗೂ ಬಾಕಿ ಇದ್ದರೆ ಹಾಕಿಸಲೇಬೇಕು.

ಹಂತ 3: ನಿಜವಾದ ಅಡ್ಡಿ ಇದೆಯೇ ನೋಡಿ

‘ನೆಗಡಿ ಇತ್ತು, ಅದಕ್ಕೆ ಬಿಟ್ಟೆವು.’ ಲಸಿಕೆ ತಪ್ಪಿದ್ದಕ್ಕೆ ನನ್ನ ಕಿವಿಗೆ ಅತಿ ಹೆಚ್ಚು ಬಿದ್ದಿರುವ ಕಾರಣ ಇದು. ನೆಗಡಿ, ಸಣ್ಣ ಕೆಮ್ಮು, ಸಣ್ಣ ಜ್ವರ, ಸ್ವಲ್ಪ ಭೇದಿ ಯಾವುದೂ ಅಡ್ಡಿಯಲ್ಲ. ಆಂಟಿಬಯಾಟಿಕ್ ನಡೆಯುತ್ತಿದ್ದರೂ ಅಡ್ಡಿಯಲ್ಲ. ಅವಧಿಗೆ ಮುಂಚೆ ಹುಟ್ಟಿದ ಮಗುವಿಗೂ ಹುಟ್ಟಿದ ದಿನದಿಂದಲೇ ಲೆಕ್ಕ, ಹುಟ್ಟಬೇಕಾಗಿದ್ದ ದಿನದಿಂದ ಅಲ್ಲ. ಮನೆಯಲ್ಲಿ ಯಾರಿಗೋ ಅಲರ್ಜಿ ಇದೆ ಎಂಬುದೂ ಕಾರಣವಲ್ಲ. ಮೊಟ್ಟೆಯ ಅಲರ್ಜಿ ಇರುವ ಮಕ್ಕಳೂ ಎಂಎಂಆರ್ ಹಾಕಿಸಿಕೊಳ್ಳಬಹುದು.

ನಿಜವಾದ ಅಡ್ಡಿಗಳು ಬೆರಳೆಣಿಕೆಯಷ್ಟು. ಹಿಂದಿನ ಡೋಸ್ ಆದ ಕೂಡಲೇ ಮುಖ, ನಾಲಿಗೆ ಊದಿಕೊಂಡು ಉಸಿರು ಕಟ್ಟುವಂಥ ಅಲರ್ಜಿ (ಇದಕ್ಕೆ ಅನಾಫಿಲ್ಯಾಕ್ಸಿಸ್ ಎನ್ನುತ್ತಾರೆ) ಆಗಿದ್ದರೆ ಆ ಲಸಿಕೆ ಮತ್ತೆ ಬೇಡ. ನಾಯಿಕೆಮ್ಮಿನ ಅಂಶವಿದ್ದ ಲಸಿಕೆಯಾಗಿ ಏಳು ದಿನದೊಳಗೆ, ಬೇರೆ ಕಾರಣವಿಲ್ಲದೆ ಮಗು ಪ್ರಜ್ಞೆ ತಪ್ಪಿದ್ದು, ಮೆದುಳಿಗೆ ತೊಂದರೆ ಆಗಿದ್ದು ಇದ್ದರೆ ಆ ಅಂಶ ಮತ್ತೆ ಬೇಡ. ಕ್ಯಾನ್ಸರ್ ಚಿಕಿತ್ಸೆಯಲ್ಲಿರುವ, ರೋಗನಿರೋಧಕ ಶಕ್ತಿಯೇ ತೀರಾ ಕುಸಿದಿರುವ ಅಥವಾ ಹೆಚ್ಚು ಪ್ರಮಾಣದ ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿರುವ ಮಗುವಿಗೆ ‘ಜೀವಂತ ಲಸಿಕೆ’ಗಳು ಸದ್ಯಕ್ಕೆ ಬೇಡ. ಜೀವಂತ ಲಸಿಕೆ ಎಂದರೆ ದುರ್ಬಲಗೊಳಿಸಿದ, ಆದರೆ ಬದುಕಿರುವ ರೋಗಾಣು ಇರುವಂಥದ್ದು: ಎಂಎಂಆರ್, ಸೀತಾಳೆ ಸಿಡುಬಿನ ಲಸಿಕೆ, ಬಿಸಿಜಿ (ಕ್ಷಯದ ಲಸಿಕೆ), ಪೋಲಿಯೋ ಹನಿ. ಇತ್ತೀಚೆಗೆ ರಕ್ತ ಅಥವಾ ಇಮ್ಯುನೋಗ್ಲಾಬ್ಯುಲಿನ್ (ರೋಗಾಣುವಿನ ವಿರುದ್ಧ ಹೋರಾಡುವ ಪ್ರತಿಕಾಯಗಳನ್ನು ಸಿದ್ಧವಾಗಿ ಕೊಡುವ ಚುಚ್ಚುಮದ್ದು) ಪಡೆದಿದ್ದರೂ ಎಂಎಂಆರ್‌ಗೆ ಕೆಲವು ತಿಂಗಳು ಕಾಯಬೇಕಾಗುತ್ತದೆ. ಇಂಥದ್ದೇನಾದರೂ ಇದ್ದರೆ ಬಾಯಿಬಿಟ್ಟು ಹೇಳಿ, ಅವರೇ ಕೇಳಲಿ ಎಂದು ಕಾಯಬೇಡಿ.

ಎಂಎಂಆರ್ ಲಸಿಕೆಯಿಂದ ಆಟಿಸಂ (ಮಾತು, ಬೆರೆಯುವಿಕೆಯ ಬೆಳವಣಿಗೆಯಲ್ಲಿನ ವ್ಯತ್ಯಾಸ) ಬರುತ್ತದೆ ಎಂಬ ಭಯ ಇನ್ನೂ ಜೀವಂತವಾಗಿದೆ, ಆದ್ದರಿಂದ ಎರಡು ಮಾತು. ಅದು ಹುಟ್ಟಿದ್ದು 1998ರಲ್ಲಿ, ಆಂಡ್ರ್ಯೂ ವೇಕ್‌ಫೀಲ್ಡ್ ಎಂಬ ಬ್ರಿಟಿಷ್ ವೈದ್ಯ ಬರೆದ, ಬರೀ 12 ಮಕ್ಕಳ ಮೇಲಿನ ಒಂದು ಪ್ರಬಂಧದಿಂದ. 2010ರಲ್ಲಿ ಅದನ್ನು ಪ್ರಕಟಿಸಿದ್ದ ವೈದ್ಯಕೀಯ ಪತ್ರಿಕೆಯೇ ಅದನ್ನು ಹಿಂತೆಗೆದುಕೊಂಡಿತು, ಅದೇ ವರ್ಷ ಅವರ ಹೆಸರನ್ನು ವೈದ್ಯರ ಪಟ್ಟಿಯಿಂದ ತೆಗೆದುಹಾಕಲಾಯಿತು. ಡೆನ್ಮಾರ್ಕಿನಲ್ಲಿ 6,57,461 ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎಂಎಂಆರ್ ಹಾಕಿಸಿಕೊಂಡವರಲ್ಲಿ ಆಟಿಸಂ ಹೆಚ್ಚಾಗಿರಲಿಲ್ಲ. ಹನ್ನೆರಡು ಮಕ್ಕಳ ಕಥೆ ಊರೆಲ್ಲ ಸುತ್ತಿತು, ಆರೂವರೆ ಲಕ್ಷ ಮಕ್ಕಳ ಲೆಕ್ಕ ಯಾರ ಬಾಯಲ್ಲೂ ಇಲ್ಲ.

‘ಬೇರೆ ಮಕ್ಕಳೆಲ್ಲ ಹಾಕಿಸಿಕೊಂಡಿದ್ದಾರಲ್ಲ, ನಮ್ಮದಕ್ಕೇನು’ ಎನ್ನುವವರಿಗೆ ಧನುರ್ವಾಯುವನ್ನು ನೆನಪಿಸುತ್ತೇನೆ. ಅದು ಮಗುವಿನಿಂದ ಮಗುವಿಗೆ ಹರಡುವುದಲ್ಲ, ಮಣ್ಣಿನಲ್ಲಿರುವುದು. ಊರಿಗೆ ಊರೇ ಲಸಿಕೆ ಹಾಕಿಸಿಕೊಂಡರೂ ಹಾಕಿಸಿಕೊಳ್ಳದ ಮಗುವಿನ ಕಾಲಿನ ಗಾಯಕ್ಕೆ ಅದರಿಂದ ಪ್ರಯೋಜನವಿಲ್ಲ.

ಹಂತ 4: ಅಂತರದ ಲೆಕ್ಕ ಹಾಕಿ

ಪಟ್ಟಿ ಹಿಡಿದು ವೈದ್ಯರ ಅಥವಾ ಲಸಿಕೆ ಕೇಂದ್ರದ ನರ್ಸ್ ಮುಂದೆ ಕುಳಿತಾಗ ಈ ಮೂರು ನಿಯಮಗಳು ಗೊತ್ತಿದ್ದರೆ ಮಾತು ಬೇಗ ಮುಗಿಯುತ್ತದೆ.

1. ಒಂದೇ ದಿನ ಹಲವು ಲಸಿಕೆ ಹಾಕಿಸಬಹುದು. ಬೇರೆ ಬೇರೆ ಸಿರಿಂಜು, ಬೇರೆ ಬೇರೆ ಜಾಗ. ಒಂದೇ ತೊಡೆಗಾದರೆ ನಡುವೆ ಎರಡೂವರೆ ಸೆಂಟಿಮೀಟರ್ ಅಂತರ. ‘ಪಾಪ, ಒಂದೊಂದೇ ಹಾಕಿಸೋಣ’ ಎಂದು ಹಂಚಿದರೆ ಮಗು ಅಳುವ ದಿನಗಳು ಹೆಚ್ಚಾಗುತ್ತವೆ, ರಕ್ಷಣೆ ಇಲ್ಲದ ದಿನಗಳೂ ಹೆಚ್ಚಾಗುತ್ತವೆ.

2. ಒಂದೇ ಲಸಿಕೆಯ ಎರಡು ಡೋಸ್‌ಗಳ ನಡುವೆ ಸಾಮಾನ್ಯವಾಗಿ ಕನಿಷ್ಠ 4 ವಾರ. ಕೆಲವಕ್ಕೆ ಇನ್ನೂ ಹೆಚ್ಚು: ಡಿಪಿಟಿಯ ಮೂರನೇ ಡೋಸ್ ಮತ್ತು ಬೂಸ್ಟರ್ (ರಕ್ಷಣೆಯನ್ನು ಮತ್ತೆ ಗಟ್ಟಿಮಾಡುವ ಡೋಸ್) ನಡುವೆ ಆರು ತಿಂಗಳು ಬೇಕು. ಅಂತರ ಹೆಚ್ಚಾದರೆ ತೊಂದರೆ ಇಲ್ಲ, ಕಡಿಮೆಯಾದರೆ ಆ ಡೋಸನ್ನು ಮತ್ತೆ ಹಾಕಬೇಕಾಗಬಹುದು. ತಡವಾಗಿದೆ ಎಂಬ ಗಾಬರಿಯಲ್ಲಿ ಎರಡೇ ವಾರಕ್ಕೆ ಓಡಬೇಡಿ.

3. ಎಂಎಂಆರ್ ಮತ್ತು ಸೀತಾಳೆ ಸಿಡುಬಿನಂಥ, ಚುಚ್ಚಿ ಕೊಡುವ ಎರಡು ಜೀವಂತ ಲಸಿಕೆಗಳು ಒಂದೇ ದಿನ ಆಗಬೇಕು, ಇಲ್ಲವೇ ನಡುವೆ 28 ದಿನ ಇರಬೇಕು. ಈ ನಿಯಮ ಬಾಯಿಗೆ ಹಾಕುವ ಹನಿಗಳಿಗಿಲ್ಲ.

ಒಂದು ವರ್ಷ ದಾಟಿದ ಮಗುವಾದರೆ ಮೊದಲ ಭೇಟಿಯಲ್ಲೇ ದಡಾರದ ಲಸಿಕೆ ಕೇಳಿ. ಉಳಿದವು ಹಿಂದೆಮುಂದೆ ಆದರೂ ಪರವಾಗಿಲ್ಲ. ಒಂದು ಡೋಸ್ ನೂರಕ್ಕೆ ಸುಮಾರು 93 ಮಕ್ಕಳನ್ನು ಕಾಪಾಡುತ್ತದೆ, ಎರಡಾದರೆ ಸುಮಾರು 97. ದಡಾರ ಬಂದುಹೋದ ಮೇಲೂ ಪೆಟ್ಟು ಉಳಿಯುತ್ತದೆ ಎಂಬುದನ್ನೂ ತಿಳಿದಿರಿ. ಬೇರೆ ರೋಗಗಳ ವಿರುದ್ಧ ದೇಹ ಕಟ್ಟಿಕೊಂಡಿದ್ದ ಪ್ರತಿಕಾಯಗಳನ್ನು ಅದು ಅಳಿಸಿಹಾಕುತ್ತದೆ. 2019ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಮಕ್ಕಳು ಹೀಗೆ ಕಳೆದುಕೊಂಡದ್ದು ಶೇ. 11ರಿಂದ 73ರಷ್ಟು. ‘ಬಂದು ಹೋಗಲಿ, ದೇಹ ಗಟ್ಟಿಯಾಗುತ್ತದೆ’ ಎಂಬ ಮಾತು ಇಲ್ಲಿ ಪೂರ್ತಿ ಉಲ್ಟಾ.

ಹಂತ 5: ಹಾಕಿಸುವ ದಿನ

ತೊಡೆ, ತೋಳು ಸುಲಭವಾಗಿ ಸಿಗುವಂಥ ಬಟ್ಟೆ ತೊಡಿಸಿ. ಮಗುವನ್ನು ಮಲಗಿಸಿ ಅದುಮಿ ಹಿಡಿಯುವುದಕ್ಕಿಂತ ತೊಡೆಯ ಮೇಲೆ ನೆಟ್ಟಗೆ ಕೂರಿಸಿ ಅಪ್ಪಿಕೊಳ್ಳುವುದು ಒಳ್ಳೆಯದು. ಮಗುವಿನ ಎರಡೂ ಕಾಲನ್ನು ನಿಮ್ಮ ಮಂಡಿಗಳ ನಡುವೆ ಹಿಡಿಯಿರಿ, ಒಂದು ಕೈ ನಿಮ್ಮ ಕಂಕುಳ ಕೆಳಗಿನಿಂದ ಬೆನ್ನಿಗೆ ಹೋಗಲಿ, ಇನ್ನೊಂದನ್ನು ನೀವು ಮೆಲ್ಲಗೆ ಹಿಡಿದುಕೊಳ್ಳಿ. ಹಾಲು ಕುಡಿಯುವ ಕೂಸಾದರೆ ಎದೆಗೆ ಹಚ್ಚಿಕೊಂಡೇ ಚುಚ್ಚಿಸಿ, ನೋವು ಕಡಿಮೆಯಾಗುತ್ತದೆ. ಹೆಚ್ಚು ಉರಿಯುವ ಲಸಿಕೆಯನ್ನು ಕೊನೆಗೆ ಹಾಕಲು ಹೇಳಿ. ‘ಏನೂ ನೋಯಲ್ಲ’ ಎಂದು ದೊಡ್ಡ ಮಕ್ಕಳಿಗೆ ಸುಳ್ಳು ಹೇಳಬೇಡಿ, ಮುಂದಿನ ಸಲ ಅವರು ನಿಮ್ಮನ್ನು ನಂಬುವುದಿಲ್ಲ.

ಚುಚ್ಚುವ ಮುನ್ನ ಎರಡು ಪ್ರಶ್ನೆ ಕೇಳುವ ಹಕ್ಕು ನಿಮಗಿದೆ: ಇದು ಯಾವ ಲಸಿಕೆ, ಅವಧಿ ಮುಗಿಯುವ ದಿನಾಂಕ ಯಾವುದು? ದಡಾರದ ಲಸಿಕೆಯಾದರೆ ಮೂರನೆಯದನ್ನೂ ಕೇಳಿ: ಪುಡಿಯನ್ನು ಎಷ್ಟು ಹೊತ್ತಿಗೆ ಕರಗಿಸಿದಿರಿ? ಅದರದ್ದೇ ದ್ರವದಲ್ಲಿ ಕರಗಿಸಿ ತಣ್ಣಗಿಟ್ಟ ಬಹುಡೋಸ್ ಸೀಸೆಯನ್ನು ಆರು ಗಂಟೆಯೊಳಗೆ ಬಳಸಬೇಕು, ಉಳಿದರೆ ಚೆಲ್ಲಬೇಕು. ಒಳ್ಳೆಯ ನರ್ಸ್‌ಗಳು ಈ ಪ್ರಶ್ನೆಗೆ ಮುಖ ಗಂಟಿಕ್ಕುವುದಿಲ್ಲ, ಸೀಸೆ ತಿರುಗಿಸಿ ತೋರಿಸುತ್ತಾರೆ.

ಆದಮೇಲೆ 15ರಿಂದ 30 ನಿಮಿಷ ಅಲ್ಲೇ ಕುಳಿತಿರಿ. ತೀವ್ರ ಅಲರ್ಜಿ ತೀರಾ ಅಪರೂಪ. ಆದರೆ ಅದು ಬಂದರೆ ಹೆಚ್ಚಾಗಿ ಆ ಹೊತ್ತಿನಲ್ಲೇ ಬರುತ್ತದೆ, ಅದಕ್ಕೆ ಔಷಧವೂ ಅಲ್ಲೇ ಇರುತ್ತದೆ.

ಹಂತ 6: ಮನೆಗೆ ಬಂದ ಮೇಲೆ

ಡಿಪಿಟಿ ಇರುವ ಲಸಿಕೆಗೆ ಅದೇ ದಿನ ಅಥವಾ ಮರುದಿನ ಜ್ವರ, ತೊಡೆ ಕೆಂಪಾಗಿ ಊದುವುದು ಸಾಮಾನ್ಯ. ಚುಚ್ಚಿದ ಜಾಗದಲ್ಲಿ ಸಣ್ಣ ಗಂಟು ಕೆಲವು ವಾರ ಉಳಿದರೂ ತಾನಾಗಿ ಕರಗುತ್ತದೆ. ಒದ್ದೆ ಬಟ್ಟೆ ಇಡಿ, ತಿಕ್ಕಬೇಡಿ, ಬಿಸಿ ಶಾಖ ಬೇಡ. ಎಂಎಂಆರ್ ಹಾಗಲ್ಲ, ಅದರ ಜ್ವರ ಬರುವುದೇ ಒಂದು ವಾರ ಕಳೆದು, ಕೆಲವೊಮ್ಮೆ ತೆಳುವಾದ ದದ್ದಿನೊಂದಿಗೆ. ಅಷ್ಟರಲ್ಲಿ ಚುಚ್ಚುಮದ್ದು ಮರೆತೇ ಹೋಗಿರುತ್ತದೆ, ಇದೆಲ್ಲಿಂದ ಬಂತು ಎಂದು ಗಾಬರಿಯಾಗುತ್ತದೆ. ಬಿಸಿಜಿ ಹಾಕಿದ ಜಾಗದಲ್ಲಿ 2ರಿಂದ 6 ವಾರದೊಳಗೆ ಗುಳ್ಳೆ ಎದ್ದು, ಒಡೆದು, ಕಲೆಯಾಗುತ್ತದೆ. ಅದನ್ನು ಹಿಂಡಬೇಡಿ, ಮುಲಾಮು ಹಚ್ಚಬೇಡಿ.

ಜ್ವರದಿಂದ ಮಗು ನರಳುತ್ತಿದ್ದರೆ ಪ್ಯಾರಾಸಿಟಮಾಲ್ ಕೊಡಬಹುದು. ಒಂದು ಸಲಕ್ಕೆ ಪ್ರತಿ ಕಿಲೋ ತೂಕಕ್ಕೆ 10ರಿಂದ 15 ಮಿಲಿಗ್ರಾಂ. ಜಾಗ್ರತೆ: ಕೂಸುಗಳಿಗೆ ಬರುವ ಡ್ರಾಪ್ಸ್ ಮತ್ತು ದೊಡ್ಡ ಮಕ್ಕಳ ಸಿರಪ್ ಒಂದೇ ಅಲ್ಲ, ಡ್ರಾಪ್ಸ್ ಹಲವು ಪಟ್ಟು ಗಾಢವಾಗಿರಬಹುದು. ಚಮಚ ನೋಡಿ ಅಳೆಯಬೇಡಿ, ಸೀಸೆಯ ಮೇಲೆ ಒಂದು ಮಿಲಿಲೀಟರಿಗೆ ಎಷ್ಟು ಮಿಲಿಗ್ರಾಂ ಎಂದು ಓದಿ. ಮೂರು ತಿಂಗಳೊಳಗಿನ ಕೂಸಾದರೆ ವೈದ್ಯರನ್ನು ಕೇಳಿಯೇ ಕೊಡಿ. ಆಸ್ಪಿರಿನ್ ಯಾವ ಮಗುವಿಗೂ ಬೇಡ. ಚುಚ್ಚುವ ಮುಂಚೆಯೇ ಜ್ವರದ ಔಷಧಿ ಕುಡಿಸುವ ಅಭ್ಯಾಸವೂ ಬೇಡ, ವೈದ್ಯರೇ ಹೇಳಿದ್ದರೆ ಬೇರೆ ಮಾತು.

ಫಿಟ್ಸ್ ಬಂದರೆ, ಮುಖ ಊದಿಕೊಂಡರೆ, ಉಸಿರಾಟಕ್ಕೆ ಕಷ್ಟವಾದರೆ, ಮೂರು ಗಂಟೆ ಬಿಡದೆ ಅತ್ತರೆ, ಮಗು ನಿಸ್ತೇಜವಾದರೆ ಕಾಯಬೇಡಿ, ಆಸ್ಪತ್ರೆಗೆ ಹೋಗಿ.

ಹಂತ 7: ಲಸಿಕೆ ಮುಗಿಯುವ ಮುನ್ನವೇ ಪಕ್ಕದಲ್ಲಿ ದಡಾರ ಬಂದರೆ

ಗಡಿಯಾರ ನೋಡಿ. ರೋಗಿಯ ಸಂಪರ್ಕಕ್ಕೆ ಬಂದ 72 ಗಂಟೆಯೊಳಗೆ ಎಂಎಂಆರ್ ಹಾಕಿಸಿದರೆ ಕಾಯಿಲೆ ತಪ್ಪಬಹುದು ಅಥವಾ ಹಗುರವಾಗಬಹುದು. ತೀರಾ ಚಿಕ್ಕ ಕೂಸುಗಳಿಗೆ, ಜೀವಂತ ಲಸಿಕೆ ಕೊಡಲಾಗದವರಿಗೆ ಆರು ದಿನದೊಳಗೆ ಇಮ್ಯುನೋಗ್ಲಾಬ್ಯುಲಿನ್ ಕೊಡುತ್ತಾರೆ. ರೋಗ ಹಬ್ಬಿರುವ ಕಡೆ ಆರು ತಿಂಗಳ ಕೂಸಿಗೂ ದಡಾರದ ಲಸಿಕೆ ಹಾಕುವುದುಂಟು. ಅದನ್ನು ‘ಶೂನ್ಯ ಡೋಸ್’ ಎನ್ನುತ್ತಾರೆ. ಹೆಸರೇ ಹೇಳುವಂತೆ ಅದು ಲೆಕ್ಕಕ್ಕಿಲ್ಲ, ಮುಂದೆ ಎರಡು ಡೋಸ್ ಆಗಲೇಬೇಕು. ಕಾರ್ಡಿನಲ್ಲಿ ಅದನ್ನು ಒಂದನೇ ಡೋಸ್ ಎಂದು ಬರೆಯದಂತೆ ನೋಡಿಕೊಳ್ಳಿ.

ಜೋರು ಜ್ವರ, ಕೆಮ್ಮು, ಕೆಂಪು ಕಣ್ಣು, ಮೂಗು ಸೋರುವಿಕೆ ಶುರುವಾಗಿ ಮೂರ್ನಾಲ್ಕು ದಿನಕ್ಕೆ ಕಿವಿಯ ಹಿಂದೆ, ಹಣೆಯ ಮೇಲೆ ದದ್ದು ಎದ್ದು ಕೆಳಗಿಳಿಯುತ್ತಿದ್ದರೆ ದಡಾರವಿರಬಹುದು. ನೇರವಾಗಿ ಕ್ಲಿನಿಕ್ಕಿಗೆ ಹೋಗಿ ಸಾಲಿನಲ್ಲಿ ಕೂರಬೇಡಿ. ಮೊದಲು ಫೋನ್ ಮಾಡಿ ತಿಳಿಸಿ, ಎಲ್ಲಿಂದ ಒಳಗೆ ಬರಬೇಕು ಎಂದು ಅವರೇ ಹೇಳುತ್ತಾರೆ. ದದ್ದು ಎದ್ದ ಮೇಲೆ ನಾಲ್ಕು ದಿನ ಮಗು ಮನೆಯಲ್ಲೇ ಇರಲಿ. ವೈದ್ಯರು ವಿಟಮಿನ್ ಎ ಕೊಡಬಹುದು, ಅದು ಚಿಕಿತ್ಸೆಯ ಭಾಗ. ಅದನ್ನೇ ಲಸಿಕೆಯ ಬದಲು ಎಂದು ಮನೆಯಲ್ಲಿ ಕುಡಿಸಹೋದರೆ ಯಕೃತ್ತಿಗೆ ಪೆಟ್ಟಾಗಬಹುದು.

ಹಂತ 8: ಹೊರಡುವ ಮುನ್ನ ಮುಂದಿನ ದಿನಾಂಕ

ಕೇಂದ್ರದಿಂದ ಹೊರಬೀಳುವ ಮುಂಚೆ ಕಾರ್ಡ್ ತೆರೆದು ನೋಡಿ: ಇವತ್ತಿನ ಪ್ರತಿ ಲಸಿಕೆಯ ಎದುರು ದಿನಾಂಕ, ಬ್ಯಾಚ್ ಸಂಖ್ಯೆ, ಸಹಿ ಇದೆಯೇ? ಅಲ್ಲೇ ನಿಂತು ಎರಡೂ ಬದಿಯ ಫೋಟೋ ತೆಗೆದು ಮನೆಯ ಇನ್ನೊಬ್ಬರಿಗೆ ಕಳಿಸಿ. ಮುಂದಿನ ಸಲ ಬರಬೇಕಾದ ದಿನವನ್ನು ಫೋನಿನಲ್ಲಿ ಗುರುತು ಹಾಕಿ. ನಾಲ್ಕು ವಾರ ಎಂದಿದ್ದರೆ ಲೆಕ್ಕ ಸುಲಭ, ಇವತ್ತು ಮಂಗಳವಾರವಾದರೆ ಮುಂದಿನ ನಾಲ್ಕನೇ ಮಂಗಳವಾರ. ಅವತ್ತು ಮಗುವಿಗೆ ಸಣ್ಣ ನೆಗಡಿ ಇದ್ದರೂ ಕರೆದುಕೊಂಡು ಹೋಗಿ.